ಇಂಗ್ಲಿಷ್ ಅಡ್ಡಹೆಸರಿನ ಜಾಡು ಹಿಡಿಯುವುದು ಹೇಗೆ: ಧಾರವಾಡದ ಥ್ಯಾಕರೆಯಿಂದ ಯಾರ್ಕ್‌ಶೈರ್‌ವರೆಗೆ

ಇಂಗ್ಲಿಷ್ ಅಡ್ಡಹೆಸರಿನ ಮೂಲ ಹುಡುಕಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾರ, ಇದರ ಅರ್ಥ ಏನು?" ಅರ್ಥವನ್ನು ನಾನು ಕೊನೆಗೆ ಇಡುತ್ತೇನೆ. ಮೊದಲು ನಾನೇ ಅವರನ್ನು ಕೇಳುತ್ತೇನೆ: ಈ ಹೆಸರಿನ ಮನುಷ್ಯನಿಗೆ ಸಂಬಳ ಕೊಡುತ್ತಿದ್ದವರು ಯಾರು? ಹೆಸರು ಸುಮ್ನೆ ಊರು ಬಿಟ್ಟು ಊರಿಗೆ ಹೋಗುವುದಿಲ್ಲ. ಕೆಲಸದ ಬೆನ್ನು ಹತ್ತಿ ಹೋಗುತ್ತದೆ. ಕೆಲಸ ಕೊಟ್ಟವರು ಕಾಗದ ಇಟ್ಟಿರುತ್ತಾರೆ. ಆ ಕಾಗದದಲ್ಲಿ ಅಪ್ಪನ ಹೆಸರು, ಹುಟ್ಟಿದ ಊರು, ದೀಕ್ಷಾಸ್ನಾನದ ದಿನ ಸಿಗುವ ಸಾಧ್ಯತೆ ಜಾಸ್ತಿ.

ನಾನು ಧಾರವಾಡದ ಮಾಳಮಡ್ಡಿಯವಳು. ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಕೌಂಟರಿನ ಆಚೆ ನಿಂತು ಇಂಥ ಪ್ರಶ್ನೆ ಕೇಳುವವರು ಎರಡು ಬಗೆ. ಒಂದು, ಹುಬ್ಬಳ್ಳಿ ರೈಲ್ವೆಯಲ್ಲಿ ಅಜ್ಜ ಕೆಲಸ ಮಾಡಿದ್ದ ಆಂಗ್ಲೋ ಇಂಡಿಯನ್ ಮನೆಗಳವರು. ಈಗ ಹೆಚ್ಚಿನವರು ಆಸ್ಟ್ರೇಲಿಯಾದಲ್ಲೋ ಇಂಗ್ಲೆಂಡಿನಲ್ಲೋ ಇದ್ದಾರೆ. ಇನ್ನೊಂದು, ಕಿತ್ತೂರಿನ ಚರಿತ್ರೆ ಓದಿ ಥ್ಯಾಕರೆ ಯಾರು, ಎಲ್ಲಿಂದ ಬಂದ ಅಂತ ತಿಳಿಯಬೇಕೆಂದವರು. ಎರಡಕ್ಕೂ ದಾರಿ ಒಂದೇ. ಥ್ಯಾಕರೆಯನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಧಾರವಾಡಕ್ಕೆ ಬಂದು ಮುಗಿದ ಆ ಹೆಸರಿನ ಪ್ರಯಾಣ ಕಲಿಯುವವರಿಗೆ ಒಳ್ಳೆಯ ಪಾಠ.

ನಮ್ಮ ಕಡೆಯವರಿಗೆ ಇದು ಸುಲಭ

ಅಡ್ಡಹೆಸರಿನ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಜನರಿಗೆ ಯಾರೂ ಹೆಚ್ಚು ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಬಡಿಗೇರ, ಕಮ್ಮಾರ, ಹೂಗಾರ ಇದ್ದಾರೆ. ಅಣ್ಣಿಗೇರಿ, ಸವಣೂರ, ಹಾನಗಲ್ಲ ಅಂತ ಊರಿನ ಹೆಸರನ್ನೇ ಹೊತ್ತವರಿದ್ದಾರೆ. ಗುಡ್ಡದ, ಹೊಸಮನಿ, ಬೆಲ್ಲದ, ಮೆಣಸಿನಕಾಯಿ ಇದ್ದಾರೆ. ಇಂಗ್ಲಿಷರದೂ ಹೆಚ್ಚುಕಡಿಮೆ ಇದೇ ಲೆಕ್ಕ. ಸ್ಮಿತ್ ಅಂದರೆ ಕಮ್ಮಾರ. ಕಾರ್ಪೆಂಟರ್ ಅಂದರೆ ಬಡಿಗೇರ. ಹಿಲ್ ಗುಡ್ಡದ, ನ್ಯೂಹೌಸ್ ಹೊಸಮನಿ. ಜಾನ್ಸನ್, ವಿಲ್ಸನ್ ಅಪ್ಪನ ಹೆಸರಿನಿಂದ ಬಂದವು. ಬ್ರೌನ್, ಶಾರ್ಟ್ ಮೈಬಣ್ಣ, ಕೂದಲು, ಎತ್ತರ ನೋಡಿ ಊರವರು ಕರೆದದ್ದು. ಇಂಗ್ಲೆಂಡಿನಲ್ಲಿ ಇವು 1066ರ ನಾರ್ಮನ್ ದಾಳಿಯ ನಂತರ ಮೆಲ್ಲಗೆ ಗಟ್ಟಿಯಾದವು. 1400ರ ಹೊತ್ತಿಗೆ ಬಹುತೇಕ ಮನೆಗಳಲ್ಲಿ ಅಪ್ಪನಿಂದ ಮಕ್ಕಳಿಗೆ ಇಳಿದು ಬರುತ್ತಿದ್ದವು.

ಇಲ್ಲಿ ಒಂದು ಭೇದ ತಿಳಿದಿರಬೇಕು. ಕಮ್ಮಾರರು ಎಲ್ಲ ಊರಲ್ಲೂ ಇದ್ದಾರೆ. ಹಾಗಾಗಿ ಇಬ್ಬರು ಸ್ಮಿತ್‌ಗಳು ಒಂದೇ ಮನೆತನ ಅನ್ನುವ ಹಾಗಿಲ್ಲ. ಒಂದು ಸಣ್ಣ ಜಾಗದ ಹೆಸರು ಹೊತ್ತವರು ಮಾತ್ರ ಒಂದೇ ಕಡೆಯಿಂದ ಹೊರಟವರಾಗಿರಬಹುದು. ಥ್ಯಾಕರೆ ಈ ಎರಡನೆಯ ಜಾತಿಯದು. ನಿಮ್ಮ ಕೈಯಲ್ಲಿರುವ ಹೆಸರು ಯಾವ ಜಾತಿಯದು ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಎಷ್ಟು ಎಚ್ಚರ ಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಕಲ್ಲಿನಿಂದ ಶುರು ಮಾಡಿ

ಖಚಿತವಾಗಿ ಗೊತ್ತಿರುವ ಕೊನೆಯ ಮನುಷ್ಯನಿಂದ ಹಿಂದಕ್ಕೆ ನಡೆಯಬೇಕು. ಒಂದೊಂದೇ ತಲೆಮಾರು. ಯಾರೋ ಪ್ರಸಿದ್ಧನನ್ನು ಹಿಡಿದು ಅವನಿಂದ ಕೆಳಕ್ಕೆ ಇಳಿಯಬಾರದು.

ನಮ್ಮ ಉದಾಹರಣೆಯಲ್ಲಿ ಆ ಮನುಷ್ಯ ಸೇಂಟ್ ಜಾನ್ ಥ್ಯಾಕರೆ. ಧಾರವಾಡದ ಕಲೆಕ್ಟರ್, ಈಸ್ಟ್ ಇಂಡಿಯಾ ಕಂಪನಿಯ ರಾಜಕೀಯ ಏಜೆಂಟ್. ಕಿತ್ತೂರಿನ ದತ್ತಕವನ್ನು ಒಪ್ಪದೆ, ಖಜಾನೆಗೆ ಕಾವಲು ಹಾಕಿ, ಕೋಟೆಯ ಮುಂದೆ ತೋಪು ತಂದು ನಿಲ್ಲಿಸಿದವನು. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತ. ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದ ಅಂತ ನಮ್ಮ ಲಾವಣಿಗಳು ಹಾಡುತ್ತವೆ. ಅವನ ನೆನಪಿನ ಕಲ್ಲು ಧಾರವಾಡದಲ್ಲಿದೆ.

"ನಮ್ಮ ಶತ್ರುವಿನ ವಂಶ ನಮಗ್ಯಾಕೆ?" ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಚೆನ್ನಮ್ಮ ಎದುರಿಸಿದ್ದು ಒಬ್ಬ ಬಿಳಿಯನನ್ನಷ್ಟೇ ಅಲ್ಲ. ಎರಡು ತಲೆಮಾರಿನಿಂದ ಈ ದೇಶದ ಕಂದಾಯದ ಮೇಲೆ ಬದುಕಿದ್ದ ಒಂದು ಮನೆತನವನ್ನು, ಅಂಥ ನೂರಾರು ಮನೆತನಗಳನ್ನು. ಅವರ ಜಾಡು ಹಿಡಿದರೆ ಅವಳ ಧೈರ್ಯದ ಅಳತೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ನಾನು ಇದನ್ನು ಮನಸಾರೆ ನಂಬಿದ್ದೇನೆ.

ಸಮಾಧಿಗಳನ್ನು ನೋಡಲು ಹೋಗುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ಧಾರವಾಡದ ಕಲ್ಲುಗಳ ಮೇಲೆ ಪಾಚಿ ಕಟ್ಟುತ್ತದೆ, ಹುಲ್ಲಿನಲ್ಲಿ ಹಾವು ಇರುತ್ತವೆ. ಜನವರಿ, ಫೆಬ್ರುವರಿ ಒಳ್ಳೆಯದು. ಚರ್ಚಿನವರನ್ನೋ ಕಾವಲಿನವರನ್ನೋ ಕೇಳಿ ಒಳಗೆ ಹೋಗಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತಂತಿ ಬ್ರಷ್, ಆ್ಯಸಿಡ್, ಸೀಮೆಸುಣ್ಣ ಯಾವುದೂ ಬೇಡ. ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ, ಕಾಗುಣಿತ ತಿದ್ದಬೇಡಿ. ಅಕ್ಕಪಕ್ಕದ ಕಲ್ಲುಗಳನ್ನೂ ಬರೆದುಕೊಳ್ಳಿ. ಹೆಂಡತಿ, ಮಗು, ಭಾವಮೈದುನ ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ಇರಬಹುದು.

ಸಂಬಳ ಕೊಟ್ಟವರ ಕಾಗದ

ಈಗ ಕಂಪನಿಯ ಕಡೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯ ಮತ್ತು ನಂತರದ ಸರ್ಕಾರದ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಡಿಯಾ ಆಫೀಸ್ ದಾಖಲೆಗಳು ಅಂತ ಹೆಸರು. ಇಲ್ಲಿನ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಹೂಳಿದ ದಾಖಲೆಗಳ ಪ್ರತಿಗಳು ಮೂರು ಸಾಲಿನಲ್ಲಿವೆ. ಲೈಬ್ರರಿಯ ಪಟ್ಟಿಯಲ್ಲಿ ಅವುಗಳ ಗುರುತು ಹೀಗಿದೆ: ಎನ್ 1 ಬಂಗಾಳ, ಎನ್ 2 ಮದ್ರಾಸ್, ಎನ್ 3 ಬಾಂಬೆ. ಧಾರವಾಡ ಬಾಂಬೆ ಪ್ರೆಸಿಡೆನ್ಸಿ ಅಂತ ಎನ್ 3 ಒಂದನ್ನೇ ನೋಡಿ ಬಿಡಬೇಡಿ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದ ಮೇಲೆ ಇಲ್ಲಿಗೆ ಬಂದ ಅಧಿಕಾರಿಗಳಲ್ಲಿ ಮದ್ರಾಸ್ ಸೇವೆಯವರು ಹಲವರು. ಥ್ಯಾಕರೆಯೂ ಮದ್ರಾಸ್ ಸೇವೆಯವನೇ. ಹಾಗಾಗಿ ಎರಡೂ ಸಾಲು ನೋಡಬೇಕು.

ಇದರ ಬಹುಭಾಗವನ್ನು ಫೈಂಡ್‌ಮೈಪಾಸ್ಟ್ ಎಂಬ ತಾಣದಲ್ಲಿ ದುಡ್ಡು ಕೊಟ್ಟು ಮನೆಯಿಂದಲೇ ನೋಡಬಹುದು. ಅದಕ್ಕಿಂತ ಮೊದಲು ಫಿಬಿಸ್ ನೋಡಿ. ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಹುಡುಕುವವರು 1998ರಲ್ಲಿ ಕಟ್ಟಿಕೊಂಡ ಸಂಘ ಅದು. ಅವರ ಹೆಸರುಪಟ್ಟಿಯಲ್ಲಿ ಪುಕ್ಕಟೆ ಹುಡುಕಬಹುದು.

ಭಾರತದಿಂದ ಇಂಗ್ಲೆಂಡಿಗೆ ದಾಟುವ ಸೇತುವೆ ಬೇಕಲ್ವಾ? ಅದು ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ ಇರುತ್ತದೆ. ಕಂಪನಿಯಲ್ಲಿ ರೈಟರ್, ಅಂದರೆ ಕೆಳಹಂತದ ಗುಮಾಸ್ತನ, ಹುದ್ದೆಗೆ ಬರುವ ಹುಡುಗ ತನ್ನ ದೀಕ್ಷಾಸ್ನಾನದ ಪ್ರಮಾಣಪತ್ರ, ಓದಿದ್ದರ ಪ್ರಮಾಣಪತ್ರ ಕೊಡಬೇಕಿತ್ತು. ಅವು ಜೆ 1 ಸಾಲಿನಲ್ಲಿವೆ. ಸೈನ್ಯಕ್ಕೆ ಬಂದ ಕೆಡೆಟ್‌ಗಳ ಕಾಗದ ಎಲ್ ಮಿಲ್ 9ರಲ್ಲಿವೆ. ದೀಕ್ಷಾಸ್ನಾನ ಅಂದ ಮೇಲೆ ಒಂದು ಚರ್ಚಿನ ಹೆಸರು ಸಿಕ್ಕಿತು. ಅಲ್ಲಿಗೆ ನೀವು ಇಂಗ್ಲೆಂಡಿನ ಒಂದು ನಿರ್ದಿಷ್ಟ ಹಳ್ಳಿಯಲ್ಲಿ ನಿಂತಿರಿ.

ಥ್ಯಾಕರೆಯ ದಾರಿ ನೋಡಿ. ಸೇಂಟ್ ಜಾನ್ ಹುಟ್ಟಿದ್ದು 1791ರಲ್ಲಿ. ಅಪ್ಪ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, 1749ರಲ್ಲಿ ಹುಟ್ಟಿದವನು. ಈ ಅಪ್ಪ 1766ರಲ್ಲಿ ಕಂಪನಿಯ ನೌಕರಿ ಹಿಡಿದು ಕಲ್ಕತ್ತೆಗೆ ಬಂದ. ಮುಂದೆ ಈಗಿನ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್‌ನ ಕಲೆಕ್ಟರ್ ಆದ. ಅಲ್ಲಿ ಕಾಡಾನೆ ಹಿಡಿಸಿ ಕಂಪನಿಗೇ ಮಾರಿ ದುಡ್ಡು ಮಾಡಿದ. 1776ರಲ್ಲಿ ಇಂಗ್ಲೆಂಡಿಗೆ ವಾಪಸ್ ಹೋಗಿ ಲಂಡನ್ ಹತ್ತಿರದ ಹ್ಯಾಡ್ಲಿಯಲ್ಲಿ ನೆಲೆ ನಿಂತ. ಆದರೆ ಅವನ ಗಂಡುಮಕ್ಕಳು ಒಬ್ಬರ ಹಿಂದೆ ಒಬ್ಬರು ಇದೇ ದೇಶಕ್ಕೆ ಬಂದರು. ವಿಲಿಯಂ ಎಂಬ ಮಗ ಮದ್ರಾಸ್ ಸೇವೆ ಸೇರಿ ಥಾಮಸ್ ಮನ್ರೋನ ಕೈಕೆಳಗೆ ಕಂದಾಯದ ಕೆಲಸ ಮಾಡಿದ. ರೈತನಿಂದಲೇ ನೇರವಾಗಿ ಕಂದಾಯ ವಸೂಲಿ ಮಾಡುವ ರೈತವಾರಿ ಪದ್ಧತಿಯ ಪರವಾಗಿ ವರದಿ ಬರೆದವನು ಅವನೇ. ಥಾಮಸ್ ಎಂಬ ಮಗ 1814ರಲ್ಲಿ ನೇಪಾಳ ಯುದ್ಧದಲ್ಲಿ ಸತ್ತ. ರಿಚ್ಮಂಡ್ ಕಲ್ಕತ್ತೆಯಲ್ಲಿ ಅಧಿಕಾರಿಯಾಗಿದ್ದು 1815ರಲ್ಲಿ ತೀರಿಕೊಂಡ. ಅವನ ಮಗನೇ ಮುಂದೆ ಪ್ರಸಿದ್ಧನಾದ ಕಾದಂಬರಿಕಾರ ಥ್ಯಾಕರೆ. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ್ದ. ಕಿತ್ತೂರಿನಲ್ಲಿ ಚಿಕ್ಕಪ್ಪ ಸತ್ತಾಗ ಅವನು ಇಂಗ್ಲೆಂಡಿನಲ್ಲಿದ್ದ 13 ವರ್ಷದ ಹುಡುಗ.

ಇನ್ನೊಂದು ತಲೆಮಾರು ಹಿಂದೆ ಹೋಗಿ. ಸಿಲ್ಹೆಟ್‌ನವನ ಅಪ್ಪ ಥಾಮಸ್ ಥ್ಯಾಕರೆ, 1693ರಲ್ಲಿ ಹುಟ್ಟಿದವನು. ಹ್ಯಾರೋ ಶಾಲೆಯ ಹೆಡ್‌ಮಾಸ್ತರ, 1746ರಿಂದ 1760ರವರೆಗೆ. ಅವನಿಗೆ 16 ಮಕ್ಕಳು. ಇಷ್ಟು ಮಕ್ಕಳಿರುವ ಮಾಸ್ತರನ ಮನೆಯಲ್ಲಿ ಕೊನೆಯ ಮಗ ಕಂಪನಿಯ ಹಡಗು ಹತ್ತಿದ್ದಕ್ಕೆ ಕಾರಣ ಹುಡುಕಬೇಕಿಲ್ಲ. ಈ ಮಾಸ್ತರನ ಮೂಲ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿ. ಅಲ್ಲಿ ಅವರು ಸ್ವಂತ ಹೊಲ ಉಳುವ ರೈತರು. ಓದಿನಲ್ಲಿ ಜಾಣನಾದ ಹುಡುಗ ಈಟನ್, ಕೇಂಬ್ರಿಜ್ ಅಂತ ದಕ್ಷಿಣಕ್ಕೆ ಹೋದ. ಅಲ್ಲಿಗೆ ಹೆಸರು ಹಳ್ಳಿ ಬಿಟ್ಟಿತು. ಯಾರ್ಕ್‌ಶೈರಿನ ಹೊಲದಿಂದ ಕೇಂಬ್ರಿಜ್, ಹ್ಯಾರೋ, ಕಲ್ಕತ್ತೆ, ಸಿಲ್ಹೆಟ್, ಮದ್ರಾಸ್ ಸೇವೆ, ಕೊನೆಗೆ ಧಾರವಾಡ. ಪ್ರತಿ ತಿರುವಿನಲ್ಲೂ ಒಂದು ಓದು ಅಥವಾ ಒಂದು ನೌಕರಿ ಇದೆ, ನೋಡಿ.

ಇಂಗ್ಲೆಂಡಿನೊಳಗೆ ಹಿಂದಕ್ಕೆ

ಈ ಭಾಗಕ್ಕೆ ತಾಳ್ಮೆ ಬೇಕು. ಆದರೆ ಮೊಬೈಲಿನಲ್ಲೇ ಬಹಳಷ್ಟು ಆಗುತ್ತದೆ.

1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವು ಸರ್ಕಾರದ ನೋಂದಣಿಗೆ ಬಂದವು. ಫ್ರೀಬಿಎಂಡಿ ಎಂಬ ಪುಕ್ಕಟೆ ತಾಣದಲ್ಲಿ ಇವುಗಳ ಸೂಚಿ ಇದೆ. ಅದರಲ್ಲಿ ತಾಯಿಯ ತವರಿನ ಅಡ್ಡಹೆಸರು ಸಿಗುವುದು 1911ರ ನಂತರ ಮಾತ್ರ. ಆದರೆ ಅಲ್ಲಿನ ಸರ್ಕಾರಿ ನೋಂದಣಿ ಕಚೇರಿಯ ಸ್ವಂತ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರು ಹೆಸರು ಕೊಟ್ಟಿದ್ದಾರೆ. ಒಂದೇ ಹೆಸರಿನ ಹತ್ತು ಮಕ್ಕಳಲ್ಲಿ ನಿಮ್ಮವನು ಯಾರು ಅಂತ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಜನಗಣತಿ 1801ರಿಂದ ಇದೆ. ಎಲ್ಲರ ಹೆಸರು ಬರೆದು ಉಳಿದದ್ದು 1841ರಿಂದ. 1841ರದನ್ನು ನೋಡುವಾಗ ಜೋಪಾನ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 38 ವರ್ಷದವನು 35 ಆಗಿರುತ್ತಾನೆ. ಹುಟ್ಟಿದ ಊರನ್ನೂ ಹೇಳುವುದಿಲ್ಲ, ಇದೇ ಕೌಂಟಿಯವನೋ (ನಮ್ಮ ಜಿಲ್ಲೆಯ ಹಾಗೆ) ಅಲ್ಲವೋ ಎಂದಷ್ಟೇ ಹೇಳುತ್ತದೆ. 1851ರಿಂದ ಊರಿನ ಹೆಸರೇ ಇದೆ. ವಲಸೆ ಹುಡುಕುವವರಿಗೆ ಅದು ಬಂಗಾರ. 1921ರವರೆಗಿನದು ಈಗ ತೆರೆದಿದೆ. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ಆ ಖಾಲಿ ಜಾಗಕ್ಕೆ 1939ರ ರಿಜಿಸ್ಟರ್ ಉಪಯೋಗಕ್ಕೆ ಬರುತ್ತದೆ.

1837ಕ್ಕಿಂತ ಹಿಂದೆ ಚರ್ಚಿನ ದಫ್ತರಗಳೇ ಗತಿ. 8ನೇ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿ, ದಫ್ತರ ಇಡಬೇಕೆಂದು ಆಜ್ಞೆ ಆಯಿತು. 1598ರಿಂದ ಬಿಷಪ್ಪನಿಗೆ ವರ್ಷಕ್ಕೊಂದು ಪ್ರತಿ ಕಳಿಸುತ್ತಿದ್ದರು. ಮೂಲ ಹರಿದಿದ್ದರೆ ಆ ಪ್ರತಿ ಕೇಳಿ. 1642ರ ನಂತರದ ಅಂತರ್ಯುದ್ಧದ ವರ್ಷಗಳಲ್ಲಿ ಎಷ್ಟೋ ಕಡೆ ಖಾಲಿ ಹಾಳೆಗಳಿವೆ. ಇನ್ನೊಂದು ತೊಡಕು ವರ್ಷದ ಲೆಕ್ಕದ್ದು. 1752ಕ್ಕಿಂತ ಮೊದಲು ಇಂಗ್ಲೆಂಡಿನ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ದಫ್ತರದಲ್ಲಿ 1692ರ ಫೆಬ್ರುವರಿ ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ ಅದು 1693. ನಮ್ಮ ಸಂವತ್ಸರ ಯುಗಾದಿಗೆ ಬದಲಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಫ್ಯಾಮಿಲಿಸರ್ಚ್, ಫ್ರೀರೆಗ್ ಎರಡರಲ್ಲೂ ಇಂಥ ದಫ್ತರಗಳನ್ನು ಪುಕ್ಕಟೆ ಹುಡುಕಬಹುದು.

ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಪಾದ್ರಿ ಕೇಳಿದ ಹಾಗೆ ಬರೆದಿದ್ದಾನೆ. ಥ್ಯಾಕರೆ, ಥ್ಯಾಕ್ರೆ, ಥ್ಯಾಕ್ರಾ, ಥ್ಯಾಕ್ವ್ರೆ ಎಲ್ಲವೂ ಅದೇ ಹೆಸರಿನ ರೂಪಗಳು. ಕೈಗಾರಿಕೆಯ ಕೆಲಸಗಾರರ ಕಾಯಿಲೆಗಳ ಬಗ್ಗೆ ಮೊದಲಿಗೆ ಬರೆದವರಲ್ಲಿ ಒಬ್ಬನಾದ ಲೀಡ್ಸ್‌ನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಕೂಡ ಯಾರ್ಕ್‌ಶೈರಿನವನೇ. ಹುಡುಕುವಾಗ ಸ್ವರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ಆಮೇಲೆ 1881ರ ಗಣತಿಯ ಅಡ್ಡಹೆಸರುಗಳ ನಕಾಶೆ ನೋಡಿ. ಈ ಹೆಸರು ಯಾರ್ಕ್‌ಶೈರಿನ ವೆಸ್ಟ್ ರೈಡಿಂಗ್‌ನಲ್ಲಿ ಒತ್ತಾಗಿ ಕೂತಿರುವುದು ಕಣ್ಣಿಗೆ ಕಾಣುತ್ತದೆ. ಅಪರೂಪದ ಹೆಸರಿಗೆ ಆ ನಕಾಶೆ ಊರನ್ನೇ ತೋರಿಸಿಬಿಡಬಹುದು. 1538ಕ್ಕೂ ಹಿಂದೆ ಹೋಗಬೇಕಾದರೆ 1379ರ ತಲೆಗಂದಾಯದ ಪಟ್ಟಿ ಇದೆ. ಯಾರ್ಕ್‌ಶೈರಿನದು ಚೆನ್ನಾಗಿ ಉಳಿದಿದೆ, ಅಚ್ಚಾಗಿಯೂ ಇದೆ.

ಈಗ ಅರ್ಥ ನೋಡಬಹುದು. ಹ್ಯಾಂಪ್ಸ್‌ತ್ವೇಟ್ ಹತ್ತಿರದ ಫ್ಯೂಸ್ಟನ್ ಕಡೆ ಥ್ಯಾಕ್ರೆ ಎಂಬ ಜಾಗವೇ ಇತ್ತು. ಆ ಸೀಮೆಗೆ ವೈಕಿಂಗರು ಬಂದವರು. 866ರಲ್ಲಿ ಯಾರ್ಕ್ ಪಟ್ಟಣವನ್ನೇ ಹಿಡಿದಿದ್ದರು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ಈ ಹೆಸರಿಗೆ ಮನೆಯ ಮಾಡಿಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ ಎಂಬ ಅರ್ಥ. ಆ ಜಾಗ ಈಗ ಫ್ಯೂಸ್ಟನ್ ಜಲಾಶಯದ ನೀರಿನಡಿ ಇದೆ, ನಮ್ಮ ನವಿಲುತೀರ್ಥದ ಹಿನ್ನೀರಿನಲ್ಲಿ ಹಳ್ಳಿಗಳು ಹೋದ ಹಾಗೆ. ಅರ್ಥವನ್ನು ಮೊದಲೇ ನೋಡಿದ್ದರೆ ಅದು ಬರೀ ಒಂದು ಸಾಲು. ಧಾರವಾಡದಿಂದ ಒಂದೊಂದೇ ಹೆಜ್ಜೆ ಇಟ್ಟು ಆ ಊರಿನ ಹತ್ತಿರಕ್ಕೇ ಬಂದು ನಿಂತ ಮೇಲೆ ನೋಡಿದರೆ ಅದು ಸಾಕ್ಷಿ.

ಒಂದೇ ಹೆಸರು, ಬೇರೆ ಮನೆ

ಮುಂಬೈಯ ಠಾಕ್ರೆ ಮನೆತನ ಇಂಗ್ಲಿಷಿನಲ್ಲಿ ಇದೇ ಕಾಗುಣಿತ ಬರೆಯುತ್ತದೆ. ಅವರು ಮರಾಠಿಯವರು. ಕೇಶವ ಸೀತಾರಾಮ ಠಾಕ್ರೆ ಅವರು ಕಾದಂಬರಿಕಾರ ಥ್ಯಾಕರೆಯ ಮೇಲಿನ ಮೆಚ್ಚುಗೆಯಿಂದ ಆ ಕಾಗುಣಿತ ತೆಗೆದುಕೊಂಡರು. ಅಕ್ಷರ ನೋಡಿ ಸಂಬಂಧ ಕಟ್ಟಬಾರದು ಅನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಕೂಪರ್ ಎಂಬ ಹೆಸರು ಇನ್ನೂ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನಲ್ಲಿ ಕೂಪರ್ ಅಂದರೆ ಮರದ ಪೀಪಾಯಿ ಮಾಡುವವನು. ಎಲ್ಲ ಊರಲ್ಲೂ ಇದ್ದವನು. ಬಾಂಬೆ ಪ್ರೆಸಿಡೆನ್ಸಿಯಲ್ಲಿ ಪಾರ್ಸಿಗಳಲ್ಲೂ ಕೂಪರ್ ಇದ್ದಾರೆ. 1937ರಲ್ಲಿ ಧಾರವಾಡವೂ ಸೇರಿದ್ದ ಆ ಪ್ರಾಂತ್ಯದ ಪ್ರಧಾನಿಯಾದ ಧನಜಿಶಾ ಕೂಪರ್ ಪಾರ್ಸಿ. ಹಾಗಾಗಿ ಹಳೆಯ ಕಾಗದದಲ್ಲಿ ಕೂಪರ್ ಸಿಕ್ಕರೆ ಮೊದಲು ಜೊತೆಗಿರುವ ಹೆಸರುಗಳನ್ನು ನೋಡಿ.

ಇಂಗ್ಲಿಷ್ ಅಂತ ನಾವು ತಿಳಿದದ್ದು ಇಂಗ್ಲಿಷ್ ಆಗಿರಬೇಕೆಂದಿಲ್ಲ. ಕಿತ್ತೂರಿನಲ್ಲಿ ಸೆರೆ ಸಿಕ್ಕು, ಬಿಡುಗಡೆಯಾಗಿ, ಮುಂದೆ ನಮ್ಮ ನೂರಾರು ಶಾಸನಗಳನ್ನು ನಕಲು ಮಾಡಿಸಿದ ವಾಲ್ಟರ್ ಎಲಿಯಟ್ ಸ್ಕಾಟಿಷ್. ಮನ್ರೋ ಸ್ಕಾಟಿಷ್. ಅವರಿಗೆ ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ತಾಣ ನೋಡಬೇಕು. ಅಲ್ಲಿ ಸರ್ಕಾರಿ ನೋಂದಣಿ 1855ರಿಂದ. ಐರಿಷರದಾದರೆ 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟದ್ದರಿಂದ ದಾರಿ ಕಷ್ಟ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಬಾಸೆಲ್ ಮಿಷನ್ನಿನ ಕಿಟ್ಟೆಲ್, ಜೀಗ್ಲರ್ ಜರ್ಮನ್ ಹೆಸರುಗಳು. ಆ ಮಿಷನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ.

ಮನೆತನದ ಲಾಂಛನ ಅಂತ ಬಣ್ಣದ ಚಿತ್ರ ಮಾರುವವರಿಗೆ ದುಡ್ಡು ಕೊಡಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅವನ ವಂಶಕ್ಕೆ. ಅಡ್ಡಹೆಸರಿಗೆ ಕೊಡುವುದಿಲ್ಲ.

ಹುಬ್ಬಳ್ಳಿಯ ರೈಲ್ವೆ ಮನೆಗಳು

ಕಲೆಕ್ಟರನ ಕಾಗದ ಎಲ್ಲಿಯೂ ಹೋಗುವುದಿಲ್ಲ. ರೈಲ್ವೆ ಗಾರ್ಡಿನದು ಹೋಗಿಬಿಡುತ್ತದೆ. ನನಗೆ ಜಾಸ್ತಿ ಕಾಳಜಿ ಇರುವುದು ಇದರ ಬಗ್ಗೆ.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಆಯಿತು. ಆ ದಶಕದಲ್ಲೇ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಬಂತು. ಡ್ರೈವರ್, ಗಾರ್ಡ್, ಫೋರ್‌ಮನ್ ಆಗಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬಂದವು. 1908ರಲ್ಲಿ ಕಂಪನಿ ಮದ್ರಾಸಿನದರ ಜೊತೆ ಸೇರಿತು. ಹಾಗಾಗಿ ಹುಬ್ಬಳ್ಳಿಯ ಅಜ್ಜನ ಕಾಗದವನ್ನು ಮದ್ರಾಸಿನ ಕಡೆಯೂ ಹುಡುಕಬೇಕಾಗುತ್ತದೆ. 1947ರ ನಂತರ ಈ ಮನೆಗಳು ಖಾಲಿಯಾಗುತ್ತ ಹೋದವು. 1948ರ ಪೌರತ್ವ ಕಾಯ್ದೆಯಿಂದ ಇಂಗ್ಲೆಂಡಿನ ಬಾಗಿಲು ತೆರೆದಿತ್ತು, 1962ರಲ್ಲಿ ಅದು ಕಿರಿದಾಯಿತು. 60ರ ದಶಕದ ಕೊನೆಗೆ ಬಿಳಿಯರಿಗಷ್ಟೇ ನೆಲೆಸಲು ಅವಕಾಶ ಕೊಡುವ ಆಸ್ಟ್ರೇಲಿಯಾದ ನೀತಿ ಸಡಿಲವಾದ ಮೇಲೆ ಹೆಚ್ಚಿನವರು ಆ ಕಡೆ ಹೋದರು. ಒಂದೇ ಮನೆಯ ಅಣ್ಣ ಲಂಡನ್ನಿನಲ್ಲಿ, ತಂಗಿ ಪರ್ತ್‌ನಲ್ಲಿ ಇದ್ದರೆ ಹೊರಟ ವರ್ಷ ಕೇಳಿ. ಕಾರಣ ಬಹುಪಾಲು ಅಲ್ಲೇ ಇರುತ್ತದೆ.

ಈ ಮನೆಗಳ ಜಾಡಿನಲ್ಲಿ ತಾಯಿಯ ಕಡೆಯನ್ನು ಬಿಡಬೇಡಿ. ನಮ್ಮ ಸಂವಿಧಾನದ 366ನೇ ವಿಧಿ ಆಂಗ್ಲೋ ಇಂಡಿಯನ್ ಯಾರು ಅಂತ ಅಪ್ಪನ ಕಡೆಯಿಂದ ಹೇಳುತ್ತದೆ. ಹಾಗಾಗಿ ಎಲ್ಲರೂ ಇಂಗ್ಲಿಷ್ ಅಜ್ಜನನ್ನು ಹುಡುಕುತ್ತಾರೆ. ಆದರೆ ಹಳೆಯ ದಫ್ತರಗಳಲ್ಲಿ ತಾಯಿಯ ಜಾಗದಲ್ಲಿ ಒಂದು ಕ್ರೈಸ್ತ ಹೆಸರು ಮಾತ್ರ, ಕೆಲವೊಮ್ಮೆ ದೇಶೀಯ ಹೆಂಗಸು ಅಂತಷ್ಟೇ ಇರುತ್ತದೆ. ಅವಳು ಈ ನೆಲದವಳು. ಅವಳ ಊರು ಮದುವೆಯ ಸಾಕ್ಷಿಗಳ ಹೆಸರಿನಲ್ಲಿ, ಮಗುವಿನ ದೀಕ್ಷಾಸ್ನಾನವಾದ ಊರಿನಲ್ಲಿ, ಗಂಡನ ದಂಡು ಅಥವಾ ರೈಲು ಆಗ ಬೀಡುಬಿಟ್ಟಿದ್ದ ಜಾಗದಲ್ಲಿ ಸುಳಿವು ಕೊಡುತ್ತದೆ. ಅವನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಿ.

ಇನ್ನೂ ಇಲ್ಲೇ ಉಳಿದಿರುವ ಹಿರಿಯರ ಹತ್ತಿರ ಹೋದಾಗ ವಂಶವೃಕ್ಷ ಕೇಳಬೇಡಿ. ಯಾವ ಕ್ವಾರ್ಟರ್ಸಿನಲ್ಲಿ ಇದ್ದಿರಿ, ಅಪ್ಪ ಯಾವ ಲೈನಿನಲ್ಲಿ ಓಡುತ್ತಿದ್ದರು, ಹುಬ್ಬಳ್ಳಿಗೆ ಮೊದಲು ಯಾವ ಸ್ಟೇಷನ್, ಮದುವೆ ಯಾವ ಚರ್ಚಿನಲ್ಲಿ, ಕ್ರಿಸ್‌ಮಸ್ ಕಾರ್ಡು ಯಾವ ದೇಶದಿಂದ ಬರುತ್ತಿತ್ತು ಅಂತ ಕೇಳಿ. ಪಿಂಚಣಿ ಪುಸ್ತಕ, ಸರ್ವಿಸ್ ಸರ್ಟಿಫಿಕೇಟ್, ಬೈಬಲ್ಲಿನ ಮೊದಲ ಹಾಳೆ ಇದ್ದರೆ ಅಲ್ಲೇ ಕೂತು ಫೋಟೋ ತೆಗೆದುಕೊಳ್ಳಿ, ಮನೆಗೆ ಒಯ್ಯಬೇಡಿ. ಫೋಟೋದ ಜೊತೆ ಅದು ಯಾರ ಹತ್ತಿರ ಇದೆ, ಯಾವ ದಿನ ನೋಡಿದಿರಿ ಅಂತ ಬರೆಯಿರಿ. ಅವರು ಒಪ್ಪಿದರೆ ಒಂದು ಪ್ರತಿಯನ್ನು ಫಿಬಿಸ್‌ಗೆ ಕಳಿಸಿ, ಇನ್ನೊಂದನ್ನು ಧಾರವಾಡದ ಒಂದು ಗ್ರಂಥಾಲಯಕ್ಕೆ ಕೊಡಿ. ಪರ್ತ್‌ನಲ್ಲಿರುವ ಮೊಮ್ಮಗಳು ಇವತ್ತಲ್ಲ ನಾಳೆ ಆ ಹೆಸರನ್ನು ಹುಡುಕಿಕೊಂಡು ಇಲ್ಲಿಗೆ ಬರೆಯುತ್ತಾಳೆ. ಅವಳಿಗೆ ಉತ್ತರ ಬರೆಯುವವರ ಮೇಜಿನ ಮೇಲೆ ಆ ಹಾಳೆ ಇರಬೇಕು.